ಬೀಡಿಗೂ ಉಪವಾಸ

ಹೇಳ್ರಿ ನೋಡೋಣ: ‘ಬೀಡಿ, ತಂಬಾಕು ಯಾರೇ ಕೊಟ್ಟರೂ ಒಲ್ಲೆ ಅನ್ರಿ’ ಅಂತ ಮಕ್ಕಳಿಗೆ ಕಲಿಸಿದೆ. ಏನಾಗಿರಬೇಕು? ಒಲ್ಲೆ ಅಂದರು ಅಂತೀರಾ? ಸೋತಿರಿ! ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಅಂತ ಎಲ್ಲಿ ಮಾಸ್ತರಿಕೆ ಮಾಡಿದರೂ ಇಂಥವು ನನ್ನ ಬೆನ್ನು ಬಿಡಲಿಲ್ಲ. ಇದು ಎಪ್ಪತ್ತರ ದಶಕದ ಮಾತು, ಗಂಗಾವತಿ ಕಡೆಯ ಒಂದು ಸಾಲಿ. ನಾನಿನ್ನೂ ಹಂಗಾಮಿ ಮಾಸ್ತರ. ‘ದುಶ್ಚಟದ ಪಾಠ ಹೊಸ ರೀತಿಯೊಳಗ ಮಾಡಿ ತೋರಸ್ರಿ, ಕಾಯಂ ಮಾಡೋಣು’ ಅಂದಿದ್ದರು ಇನ್ಸ್‌ಪೆಕ್ಟರ್ ಸಾಹೇಬರು.

೧. ಚಿತ್ರಪಟ

ಬೀಡಿ ಸೇದುವವನ ಕರಿ ಶ್ವಾಸಕೋಶ, ಸೇದದವನ ಕೆಂಪು ಶ್ವಾಸಕೋಶ, ಎರಡನ್ನೂ ಬರೆಸಿ ಗೋಡೆಗೆ ತೂಗುಹಾಕಿದೆ. ಮೊಮ್ಮಗನನ್ನು ಬಿಡಲು ಬಂದ ಮುದುಕ ಕಿವಿಗೆ ಬೀಡಿ ಸಿಕ್ಕಿಸಿಕೊಂಡು ನೋಡಿದ.

‘ಈ ಕರೇದು ಯಾರದ್ರಿ?’

‘ಸೇದಾವಂದು.’

‘ಕೆಂಪಂದು?’

‘ಸೇದಲಾರದಾವಂದು. ತಿಳೀತಿಲ್ಲೋ ಯಜಮಾನ್ರ?’

‘ತಿಳೀತ್ರಿ. ಎದಿ ಕೊಯ್ದು ಇಬ್ಬರದೂ ಹೊರಗ ತಗದಾರಂದ್ರ, ಇಬ್ಬರೂ ಸತ್ತಾರ. ಮತ್ತ ಈ ಕೆಂಪಿನಾಂವ ಸೇದಲಾರದ ಏನ್ ಗಳಿಸಿದಾ?’

೨. ಮೂರು ಸಲ ಒಲ್ಲೆ

ಚಿತ್ರ ಇಳಿಸಿ ನಾಟಕ ಹೂಡಿದೆ. ಒಬ್ಬ ಕೊಡುವವ, ಒಬ್ಬ ಮೂರೂ ಸಲ ಒಲ್ಲೆ ಅನ್ನುವವ. ಬೀಡಿಯ ಬದಲು ಸೀಮೆಸುಣ್ಣ.

‘ತಗೋಳೋ.’

‘ಒಲ್ಲೆ.’

‘ತಗೋ ಮಾರಾಯಾ!’

‘ಒಲ್ಲೆಪಾ.’

‘ನನ್ನ ಆಣಿ ಐತಿ ನೋಡು!’

‘ಹಂಗಾರ ಕೊಡು.’

ಸೀಮೆಸುಣ್ಣ ಬಾಯಿಗೇ ಹೋಯಿತು!

‘ಯಾಕೋ ಇಸ್ಕೊಂಡಿ?’ ಅಂತ ಗದರಿದೆ.

‘ಆಣಿ ಹಾಕಿದ ಮ್ಯಾಲೂ ಒಲ್ಲೆ ಅಂದ್ರ ಸೊಕ್ಕು ಅಂತಾರ್ರಿ ಸರ. ನಿನ್ನಿ ನಮ್ಮ ಮನ್ಯಾಗ ನೀವೂ ಹಿಂಗ ಒಲ್ಲೆ ಒಲ್ಲೆ ಅಂತ ಆರು ಹೋಳಿಗಿ ತಿಂದ್ರಿ!’

೩. ಪರೀಕ್ಷೆ

ನಮ್ಮ ಕಡೆ ಆಣೆ ಹಾಕಿ ಒತ್ತಾಯ ಮಾಡದೆ ಬಿಡುವುದು ಒಬ್ಬರನ್ನೇ: ಉಪವಾಸ ಹಿಡಿದವರನ್ನು. ಹೊಳೆದೇ ಹೊಳೆಯಿತು! ‘ಶ್ರಾವಣ ಸೋಮವಾರ್ರಿ, ಉಪವಾಸ ಐತಿ’ ಅಂತ ಎಲ್ಲರಿಗೂ ಬಾಯಿಪಾಠ ಮಾಡಿಸಿದೆ.

ಸಾಹೇಬರು ಬಂದರು. ಬಾಯಿ ತುಂಬ ಎಲೆ, ಅಡಿಕೆ, ತಂಬಾಕು! ತಾವೇ ತಂಬಾಕಿನ ಡಬ್ಬಿ ತೆಗೆದು ಮುಂದಿನ ಸಾಲಿನ ಹುಡುಗಿಗೆ ಚಾಚಿದರು. ‘ನನ್ನ ಆಣಿ ಐತಿ, ತಗೋ!’

ಹುಡುಗಿ ಕೈಕಟ್ಟಿ ಎದ್ದಳು. ‘ಶ್ರಾವಣ ಸೋಮವಾರ್ರಿ, ಉಪವಾಸ ಐತಿ.’

ಶಾಬಾಸ್! ಆದರೆ ಅಷ್ಟಕ್ಕೇ ನಿಲ್ಲಬೇಕಲ್ಲ? ಸಾಹೇಬರ ಉಬ್ಬಿದ ಗಲ್ಲ ನೋಡಿ, ‘ನಿಮ್ಮ ಮನ್ಯಾಗ ಹಿಡಿಯಾಂಗಿಲ್ಲೇನ್ರಿ?’ ಅಂದುಬಿಟ್ಟಳು!

ಮುಗಿಯಿತು ನನ್ನ ಕೆಲಸ ಅಂದುಕೊಂಡೆ. ಸಾಹೇಬರು ‘ಅಯ್ಯ ಶಿವನ!’ ಅಂತ ಹೊರಗೋಡಿ ಉಗುಳಿದರು, ಬಾಯಿ ಮುಕ್ಕಳಿಸಿದರು, ಗಲ್ಲಗಲ್ಲ ಬಡಿದುಕೊಂಡರು. ಬಂದು ನನ್ನ ಕೈ ಹಿಡಿದು, ‘ಮಾಸ್ತರ, ನೀವು ಕಾಯಂ ಆದ್ರಿ ಅಂತ ತಿಳೀರಿ. ನಮ್ಮ ಮನಿಯವರ ಮುಂದ ಮಾತ್ರ ಹೇಳಬ್ಯಾಡ್ರಿ!’

ನಾನು ಯಾಕೆ ಹೇಳಲಿ? ಅವತ್ತು ಸಂಕ್ರಾಂತಿಯ ಮರುದಿನ, ಬುಧವಾರ!