ಕೌದಿ ಹೊದ್ದ ಪ್ರಿಂಟರ್

ನಮ್ಮ ಕಾಕಾನನ್ನು ಹೆದರಿಸಬೇಕೆ? ಹುಲಿ, ಹಾವು ಯಾವುದೂ ಬೇಡ. ಬಿಚ್ಚಲಾಗದ ಒಂದು ಪೆಟ್ಟಿಗೆ ತೋರಿಸಿದರೆ ಸಾಕು! ಹೊಸ ಮಿಕ್ಸರನ್ನು ಬಂದ ದಿನವೇ ಬಿಚ್ಚಿ ಹಾಸಿದವನು ಅವನು. ಕಾಕಿ ಇಂದಿಗೂ ಶೇಂಗಾ ಚಟ್ನಿಯನ್ನು ಒರಳಲ್ಲೇ ಕುಟ್ಟುತ್ತಾಳೆ.

ಇಂಥವನು ತೊಂಬತ್ತರ ದಶಕದ ಕೊನೆಗೆ ಆಳಂದದಲ್ಲಿ ಕಂಪ್ಯೂಟರ್ ಸೆಂಟರ್ ತೆರೆದ. ಮಂದಿಯೆಲ್ಲ ದೊಡ್ಡ ಕಂಪನಿಯ ಮುಚ್ಚಿದ ತಂತ್ರಾಂಶದ ಕಳ್ಳಪ್ರತಿ ಹಾಕಿಕೊಂಡು ಸುಖವಾಗಿದ್ದಾಗ ಇವನದು ಲಿನಕ್ಸ್! "ಇದರ ಒಳಗಿನ ಒಂದೊಂದು ಸಾಲೂ ಓದಾಕ ಬರ್ತದರಿ" ಎಂದು ಗಿರಾಕಿಗಳಿಗೆ ಉಪದೇಶ. ನಿಂಬರ್ಗಾ ಹಳ್ಳಿಯಿಂದ ಅರ್ಜಿ ಟೈಪ್ ಮಾಡಿಸಲು ಬಂದವರಿಗೆ ಆ ಸಾಲು ಓದಿ ಏನಾಗಬೇಕು?

ಸೋಮವಾರ ಸುರಕ್ಷತೆಯ ದಿನ. ಹೈದರಾಬಾದಿನ ಗೆಳೆಯ ಬಸ್ಸಿಗೆ ಹಾಕಿ ಕಳಿಸಿದ ಸಿ.ಡಿ.ಯಿಂದ ಕಳ್ಳರು ನುಸುಳಬಹುದಾದ ಕಂಪ್ಯೂಟರಿನ ತೂತುಗಳಿಗೆ ತೇಪೆ ಹಚ್ಚುವುದು. ಅದು ಮುಗಿಯುವವರೆಗೆ ಅರ್ಧ ಶಟರ್! ಆದರೆ ಕಂಪ್ಯೂಟರಿಗೆ ಇಂಟರ್ನೆಟ್ಟಿನ ಫೋನ್ ಲೈನೇ ಇರಲಿಲ್ಲ.

"ನಮ್ಮೂರಿಗೆ ಬಸ್ಸೇ ನೆಟ್ಟಗ ಬರಂಗಿಲ್ಲ. ಕಳ್ಳ ಹ್ಯಾಂಗ ಬರ್ತಾನ ಕಾಕಾ?"

"ಸಿ.ಡಿ. ಬಂದ ಬಸ್ಸಿಗೇ ಬರ್ತಾನ!"

ಒಮ್ಮೆ ಕೆಣಕಿದೆ: "ನಿನ್ನ ಕೊರಳಾಗಿನ ಕರಡಿಗಿನೂ ಮುಚ್ಚೇ ಇರ್ತದಲ್ಲ?"

"ದಿನಾ ಮುಂಜಾನೆ ತೆಗೆದು ಲಿಂಗಪೂಜಾ ಮಾಡ್ತೇನಿ. ಆ ಕಂಪನಿಯವರಿಗೆ ದಿನಕ್ಕೊಮ್ಮೆ ತೆಗೀರಿ ಅನ್ನು ನೋಡೋಣ!"

ಅಂಗಡಿಯ ಹಳೆಯ ಪ್ರಿಂಟರ್ ಕೆಟ್ಟಾಗ ಅಪ್ಪ, ಅಂದರೆ ಕಾಕಾನ ಅಣ್ಣ, ಸೊಲ್ಲಾಪುರದಿಂದ ಅವನಿಗೊಂದು ಹೊಸ ಪ್ರಿಂಟರ್ ತಂದುಕೊಟ್ಟ. "ನನ್ನ ಮಗಳ ಲಗ್ನಪತ್ರಿಕಾ ಇದರಾಗೇ ಬರಬೇಕು ತಮ್ಮಾ" ಎಂದ, ನನ್ನತ್ತ ನೋಡಿ. ಆದರೆ ಅದು ನಡೆಯಬೇಕಾದರೆ ಕಂಪನಿಯದೊಂದು ತಂತ್ರಾಂಶ ಹಾಕಬೇಕು, ಅದರ ಒಳಗೇನಿದೆ ಎಂದು ಯಾರಿಗೂ ತೋರಿಸುವುದಿಲ್ಲ. ಕಾಕಾ ಮುಟ್ಟುತ್ತಾನೆಯೇ? "ಗುರುತಿಲ್ಲದವನ್ನ ಮನ್ಯಾಗ ಕರಕೊಂಡು ಮಲಗಿಸ್ಲೇನು?" ಎಂದು ಪ್ರಿಂಟರಿಗೆ ಕೌದಿ ಹೊದಿಸಿಟ್ಟ. ಗಿರಾಕಿಗಳು ಪಕ್ಕದ ಓಣಿ ಹಿಡಿದರು.

"ಮಂದಿ ಪ್ರಿಂಟರು ದುಡೀತಾವ. ನಮ್ಮದು ಹೊದ್ದು ಮಕ್ಕೊಂಡದ," ಎಂದಳು ಕಾಕಿ.

ಅಪ್ಪ ಸಿಟ್ಟಾದ, ಅಂಗಡಿಯ ಕಟ್ಟೆ ಹತ್ತುವುದನ್ನೇ ಬಿಟ್ಟ. ಆ ಸಿಟ್ಟು ಇಳಿಯುವ ಮೊದಲೇ ತೀರಿಕೊಂಡ. ಕೌದಿ ಮಾತ್ರ ಅಲುಗಲಿಲ್ಲ. ಎಂಥ ಹಟಮಾರಿ ಮನುಷ್ಯ ಎಂದು ಮನಸಾರೆ ಬೈದುಕೊಂಡೆ.

ಮರುವರ್ಷ ನನ್ನ ಲಗ್ನ ಗೊತ್ತಾಯಿತು. ಪತ್ರಿಕೆ ಅಚ್ಚು ಹಾಕಿಸಲು ಕಲಬುರಗಿಗೆ ಹೊರಟವಳು, ಯಾರ್‍ಯಾರ ಹೆಸರು ಹಾಕಿಸಲಿ ಎಂದು ಕೇಳಲು ಅಂಗಡಿಗೆ ಹೋದೆ. ಗುರುವಾರ, ಆದರೂ ಅರ್ಧ ಶಟರ್! ಇವತ್ತೆಂಥ ತೇಪೆ ಎಂದು ನಗುತ್ತಲೇ ಬಗ್ಗಿ ನೋಡಿದೆ.

ಕೌದಿ ನೆಲದ ಮೇಲಿತ್ತು. ಪ್ರಿಂಟರ್ ಕರಕರ ಎನ್ನುತ್ತಿತ್ತು. ಮೊದಲು ಬಂದ ಪತ್ರಿಕೆಯನ್ನು ಅಪ್ಪನ ಫೋಟೋದ ಮುಂದಿಟ್ಟು ಕಾಕಾ ಕೈಕಟ್ಟಿ ನಿಂತಿದ್ದ. ನನ್ನ ನಗು ಎಲ್ಲಿ ಹೋಯಿತೋ, ಕಣ್ಣು ತುಂಬಿ ಬಂತು.

"ಅಣ್ಣಾ, ಹಾಕೀನಿ ನೋಡು. ಒಳಗೇನದ ನನಗ ಗೊತ್ತಿಲ್ಲ. ನೀ ಹೇಳಿದ್ದಿ, ಹಾಕೀನಿ."