ಗೋಡೆಗೆ ಬಂದ ಅಮೇರಿಕದ ಊರು

ಗೋಡೆಗೆ ಒಂದು ಮೊಳೆ ಹೊಡೆದರೆ ಸಾಕು, ನಮ್ಮ ಮನೆಯಲ್ಲಿ ಏನಾದರೊಂದು ನಡೆದೇ ತೀರುತ್ತದೆ. ಎರಡನೆಯ ಮಹಾಯುದ್ಧದ ಕಾಲದ ಮೂರು ಸಂಗತಿ ಬರೆಯುತ್ತೇನೆ. ಮೂರಕ್ಕೂ ಮೊಳೆ ಒಂದೇ.

೧. ಚೌಕಟ್ಟು

ಮಾರುತಿಯ ಪಟಕ್ಕೆ ಚೌಕಟ್ಟು ಬೇಕಾಗಿ ಹಳಿಯಾಳದ ಪೇಟೆಗೆ ಹೋದೆ. ಗಾಜಿನಂಗಡಿಯ ಸಾಯಬರು, ವರ್ಗವಾಗಿ ಹೋದ ಜಂಗಲ್ ಖಾತೆಯ ಸಾಹೇಬರೊಬ್ಬರ ಬಂಗಲೆಯಿಂದ ಬಂದ ಸಾಗವಾನಿ ಚೌಕಟ್ಟೊಂದನ್ನು ತೆಗೆದರು. ಒಳಗೆ ಬರೀ ಕಪ್ಪು ಗೆರೆಗಳ ಚಿತ್ರ: ಅಗಲವಾದ ಬೀದಿ, ಚೂಪು ಗೋಪುರದ ಚರ್ಚು, ಕುದುರೆಗಾಡಿ, ಎತ್ತರದ ಟೊಪ್ಪಿಗೆಯ ಗಂಡಸರು.

“ಅಮೇರಿಕಾದ ಊರ್ರೀ. ತಗಡಿನ ಮ್ಯಾಲೆ ಗೀರಿ ಅಚ್ಚು ಹೊಡದದ್ದು. ನಮ್ಮ ಅಜ್ಜಾರ ಕಾಲದ್ದು,” ಎಂದರು.

“ಊರು ತಗದು ಚೌಕಟ್ಟಷ್ಟ ಕೊಡ್ರಿ.”

ಮಳೆಗಾಲದ ಹಸಿಗೆ ಚಿತ್ರ ಗಾಜಿಗೆ ಅಂಟಿಕೊಂಡಿತ್ತು. ಸಾಯಬರು ಉಗುರಿನಿಂದ ಕೆದರಿ ನೋಡಿ ಕೈಬಿಟ್ಟರು.

“ಏಳಾಕ ಒಲ್ಲದ್ರಿ. ಊರಿನ ಮಂದೀನೂ ಕರಕೊಂಡ ಹೋಗ್ರಿ. ಊಟ ಏನೂ ಕೇಳೂದಿಲ್ಲ.”

೨. ಕುಂಕುಮ

ತಂದು ನಡುಮನೆಯಲ್ಲಿ, ಮಾರುತಿಗೆಂದು ಹೊಡೆದಿದ್ದ ಮೊಳೆಗೇ ತೂಗುಹಾಕಿದೆ. ಮರುದಿನ ನೋಡಿದರೆ ಗೋಪುರದ ನೆತ್ತಿಗೆ ಕುಂಕುಮ, ಚೌಕಟ್ಟಿಗೆ ಚೆಂಡುಹೂ. ನಮ್ಮ ಅವ್ವನಿಗೆ ಗಾಜಿನ ಹಿಂದೆ ಇರುವುದೆಲ್ಲ ದೇವರೇ.

“ಅವ್ವಾ, ಅದು ದೇವರಲ್ಲ, ಊರು.”

“ಊರಾಗ ದೇವರು ಇರೂದಿಲ್ಲೇನು? ಒಳಗ ಎಲ್ಲೋ ಕುಂತಿರ್ತಾನ.”

ದಿನಾ ಪೂಜೆ ಮಾಡುವ ನಾನು ಮರುದಿನದಿಂದ ಊದಿನಕಡ್ಡಿಯನ್ನು ಒಂದು ಸುತ್ತು ಆ ಕಡೆಗೂ ತಿರುಗಿಸಿದೆ.

೩. ಹುಡುಗಿ ನೋಡುವುದು

ಮುಂಡಗೋಡದ ಕಡೆಯವರು ನನ್ನ ಮಗಳನ್ನು ನೋಡಲು ಬಂದರು. ಹುಡುಗಿಗೆ ಮಾತು ಜಾಸ್ತಿ ಎಂದು ಹಿಂದೆ ಎರಡು ಸಂಬಂಧ ತಪ್ಪಿದ್ದವು. “ಈ ಸಲ ಕೇಳಿದ್ದಕ್ಕಷ್ಟ ಬಾಯಿ ಬಿಡು,” ಎಂದು ಅವಳಿಗೆ ಹೇಳಿ ಕೂಡಿಸಿದ್ದೆ.

ವರನ ತಂದೆ ಚಹಾ ಕುಡಿಯುತ್ತ ಪಟದ ಕಡೆ ನೋಡಿದರು. “ಕೆಳಗ ಇಂಗ್ಲಿಷಿನ್ಯಾಗ ಏನೋ ಬರದೈತಿ. ನಮ್ಮ ಹುಡುಗ ಇಂಗ್ಲಿಷ್ ಕಲ್ತಾನ್ರಿ. ಎದ್ದು ಓದಿ ಹೇಳೋ ಹಿರ್ಯಾರಿಗೆ.”

ಹುಡುಗ ಎದ್ದ. ಅಕ್ಷರಗಳೋ, ಅವರೆಬಳ್ಳಿಯಂತೆ ಒಂದಕ್ಕೊಂದು ಸುತ್ತಿಕೊಂಡಿದ್ದವು. ಅವನ ಮೂಗು ಗಾಜಿಗೆ ತಾಗಿತು, ಕಿವಿ ಕೆಂಪಾದವು, ಕುತ್ತಿಗೆಯಲ್ಲಿ ಬೆವರಿಳಿಯಿತು. ನಮ್ಮ ಮನೆಯಲ್ಲಿ ಇವನ ಮಾನ ಹೋದರೆ ಈ ಸಂಬಂಧವೂ ಹೋದಂತೆಯೇ ಎಂದು ನಾನು ಮನಸ್ಸಿನಲ್ಲೇ ಮಾರುತಿಯನ್ನು ನೆನೆದೆ.

ಅಷ್ಟರಲ್ಲಿ, ತಲೆ ತಗ್ಗಿಸಿ ಕುಳಿತಿದ್ದ ಮಗಳು ಎದ್ದಳು. “ಕಟಗಿ ಬಂಡಿ ಹೊಂಟಾವ್ರಿ, ಧೂಳು ಬರ್ತೈತಿ,” ಎಂದು ಇದ್ದೊಂದು ಕಿಟಕಿಯನ್ನು ಮುಚ್ಚಿಬಿಟ್ಟಳು. ನಡುಮನೆ ಕತ್ತಲಾಯಿತು. ದಾರಿಯಲ್ಲಿ ಒಂದು ಬಂಡಿಯ ಸದ್ದೂ ಇರಲಿಲ್ಲ.

“ಈಗ ಅಕ್ಷರ ಕಾಣ್ಸೂದಿಲ್ಲಪ್ಪಾ,” ಎಂದು ಹುಡುಗ ಉಸಿರು ಬಿಟ್ಟ. ಬಂದು ಕುಳಿತವನೇ, “ನನಗ ಹುಡುಗಿ ಒಪ್ಪಿಗಿ ಐತಿ,” ಎಂದ.

“ಅಲ್ಲೋ, ಬಂದಾಗಿಂದ ಗ್ವಾಡಿನ ನೋಡಾಕತ್ತಿ. ಹುಡುಗಿ ಮಾರಿ ಯಾವಾಗ ನೋಡಿದಿ?”

“ಕಿಟಕಿ ಮುಚ್ಚಿದ ಮ್ಯಾಲೆ ಚೊಲೋ ಕಾಣ್ಸಿದ್ಲಪ್ಪಾ.”