ತಟ್ಟದೆ ಕೊಂಡ ಕಾರು

ನಮ್ಮ ಚಿಕ್ಕಪ್ಪ ತಮ್ಮ ಜೀವಮಾನದಲ್ಲಿ ತಟ್ಟಿ ನೋಡದೆ ಕೊಂಡ ವಸ್ತು ಒಂದೇ ಒಂದು. ಅದರ ಹಿಂದಿನ ಸೀಟಿನಲ್ಲಿ ನಾನು ಕೂತಿದ್ದೆ ಎಂಬುದು ನನ್ನ ಹಣೆಬರಹ.

ತೆಂಗಿನಕಾಯಿಯನ್ನು ಎಲ್ಲರೂ ತಟ್ಟುತ್ತಾರೆ, ಕಲ್ಲಂಗಡಿಯನ್ನೂ ತಟ್ಟುತ್ತಾರೆ. ಬದನೆಕಾಯಿಯನ್ನು ಯಾರಾದರೂ ತಟ್ಟುವುದುಂಟೆ? ಚಿಕ್ಕಪ್ಪ ತಟ್ಟುತ್ತಿದ್ದರು. ಬಲಗೈ ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿ, ತಲೆ ಓರೆ ಮಾಡಿ ಕಿವಿಗೊಟ್ಟು, "ಪಾಸ್" ಅಥವಾ "ರಿಜೆಕ್ಟ್" ಎನ್ನುತ್ತಿದ್ದರು. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಅವರು ಇನ್‌ಸ್ಪೆಕ್ಟರ್ ಆಗಿದ್ದವರು. ಎರಕ ಹೊಯ್ದ ಕಬ್ಬಿಣದ ತುಂಡುಗಳನ್ನು ತಟ್ಟಿ, ಒಳಗೆ ಬಿರುಕಿದೆಯೇ ಎಂದು ಶಬ್ದದಿಂದಲೇ ಹೇಳುವುದು ಅವರ ಕೆಲಸ. ನಿವೃತ್ತಿಯ ದಿನ ಕಾರ್ಖಾನೆ ಅವರನ್ನು ಬಿಟ್ಟಿತು. ಅವರ ಬೆರಳು ಮಾತ್ರ ಕಾರ್ಖಾನೆಯನ್ನು ಬಿಡಲಿಲ್ಲ.

ಲೋಕದಲ್ಲಿ ಆ ಎರಡು ತೀರ್ಪುಗಳನ್ನು ಬಿಟ್ಟರೆ ಅವರಿಗೆ ಮೂರನೆಯದು ಗೊತ್ತಿರಲಿಲ್ಲ. ಚಿಕ್ಕಮ್ಮನ ದೂರು ಇದೇ ಆಗಿತ್ತು.

"ಮದುವೆ ಆದಾಗಿಂದ ಸಾರು ಮಾಡಿ ಹಾಕ್ತಿದೀನಿ ಕಣೋ. ಒಂದಿನ ಚೆನ್ನಾಗಿದೆ ಅಂದಿಲ್ಲ. ಪಾಸ್ ಅಂತಾರೆ, ಎದ್ದು ಹೋಗ್ತಾರೆ. ನನ್ನನ್ನ ನೋಡೋಕೆ ಬಂದಾಗ್ಲೂ ಅಷ್ಟೇ. ಮೊದ್ಲು ಕುರ್ಚಿ ತಟ್ಟಿದ್ರು. ಆಮೇಲೆ ನನ್ನ ಮುಖ ನೋಡಿದ್ದು."

"ಕುರ್ಚಿ ಏನಾಯ್ತು?" ಎಂದು ನಾನು ಕೇಳುತ್ತಿದ್ದೆ. ಉತ್ತರ ಗೊತ್ತಿದ್ದರೂ ಪ್ರತಿ ಸಲ ಕೇಳುತ್ತಿದ್ದೆ.

"ರಿಜೆಕ್ಟ್. ನಿಂತ್ಕೊಂಡೇ ಕಾಫಿ ಕುಡಿದ್ರು."

ಚಿಕ್ಕಮ್ಮನಿಗೆ ಮಂಡಿನೋವು ಬಂದು ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟವಾದಾಗ, ಒಂದು ಹಳೆಯ ಕಾರು ಕೊಳ್ಳುವುದೆಂದು ತೀರ್ಮಾನವಾಯಿತು. ತುಮಕೂರು ರಸ್ತೆಯಲ್ಲಿ ಪೀಣ್ಯ ದಾಟಿದ ಮೇಲೆ ಒಬ್ಬ ಡೀಲರ್ ಇದ್ದ. "ಸಾಕ್ಷಿಗೆ ಒಬ್ಬ ಇರಲಿ" ಎಂದು ಚಿಕ್ಕಪ್ಪ ನನ್ನನ್ನು ಕರೆದುಕೊಂಡು ಹೋದರು. ಒಂದು ಇಡೀ ಕಾರನ್ನು ತಟ್ಟಿ ಮುಗಿಸಲು ಸಂಜೆಯಾದೀತು ಎಂದು ನಾನು ಬುತ್ತಿ ಕಟ್ಟಿಸಿಕೊಂಡೇ ಹೋಗಿದ್ದೆ.

ಬೂದು ಬಣ್ಣದ ಒಂದು ಸಣ್ಣ ಕಾರಿನ ಮುಂದೆ ನಿಂತು ಚಿಕ್ಕಪ್ಪ ಬಾನೆಟ್ಟಿನ ಮೇಲೆ ಬೆರಳೆತ್ತಿದರು. ಅಷ್ಟರಲ್ಲಿ ಡೀಲರ್ ಬಂದ. ಮೂವತ್ತರ ಆಸುಪಾಸಿನವನು, ಹಣೆಯಲ್ಲಿ ವಿಭೂತಿ.

"ಬನ್ನಿ ಅಂಕಲ್. ನೀವು ಜಾಲಹಳ್ಳಿ ಕ್ವಾರ್ಟರ್ಸ್‌ನವರಲ್ವಾ? ನಾನೂ ಅಲ್ಲೇ ಬೆಳೆದವನು. ನಮ್ಮಪ್ಪ ಮಷಿನ್ ಶಾಪಲ್ಲಿದ್ರು."

ಚಿಕ್ಕಪ್ಪನ ಬೆರಳು ಗಾಳಿಯಲ್ಲೇ ನಿಂತಿತು.

ಇದು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಆ ಕ್ವಾರ್ಟರ್ಸ್‌ನವರೆಲ್ಲ ಒಂದೇ ಸೈರನ್ನಿಗೆ ಎದ್ದವರು, ಒಂದೇ ಕ್ಯಾಂಟೀನಿನ ಉಪ್ಪಿಟ್ಟು ತಿಂದವರು. ಮಷಿನ್ ಶಾಪಿನವನು "ಅಳತೆ ನೋಡಿದೀನಿ" ಎಂದರೆ ಅದನ್ನು ಇನ್ನೊಬ್ಬ ಮತ್ತೆ ಅಳೆಯುತ್ತಿರಲಿಲ್ಲ. ಅಳೆದರೆ ಅವನ ಮನೆಯ ಊಟದಲ್ಲಿ ಕಲ್ಲು ಹುಡುಕಿದ ಹಾಗೆ.

"ಬ್ರೇಕು?" ಎಂದಷ್ಟೇ ಕೇಳಿದರು ಚಿಕ್ಕಪ್ಪ.

"ಈಗಷ್ಟೇ ಮಾಡ್ಸಿದೀನಿ ಅಂಕಲ್. ನಮ್ಮ ಅಮ್ಮನ್ನೇ ಕೂರಿಸ್ಕೊಂಡು ತಿರುಪತಿಗೆ ಹೋಗ್ಬಹುದು."

ಬೆರಳು ಜೇಬಿಗೆ ಇಳಿಯಿತು. ನನ್ನ ಬುತ್ತಿಯನ್ನು ಮೂವರೂ ಹಂಚಿಕೊಂಡು ತಿಂದೆವು. ಮಧ್ಯಾಹ್ನದೊಳಗೆ ಕಾರು ನಮ್ಮದಾಯಿತು.

ಮೊದಲ ವಾರ ಕಾರು ತನ್ನ ಸ್ವಭಾವ ತೋರಿಸಿತು. ವೈಪರ್ ಹಾಕಿದರೆ ಹಾರನ್ ಕೂಗುತ್ತಿತ್ತು. ಹೀಗಾಗಿ ಒಂದು ಸಣ್ಣ ಮಳೆಗೆ ನಾವು ಮದುವೆ ದಿಬ್ಬಣದ ಹಾಗೆ ಸದ್ದು ಮಾಡುತ್ತಾ ಮನೆ ಸೇರಿದೆವು. ಎಡಗಡೆಯ ಹಿಂಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಚಿಕ್ಕಪ್ಪ ಕಾರನ್ನು ಡೀಲರ್ ಹತ್ತಿರ ಒಯ್ದಾಗಲೆಲ್ಲ ಅವನು ಕಾಫಿ ತರಿಸಿ, "ಸಣ್ಣಪುಟ್ಟದ್ದು ಅಂಕಲ್, ಗಾಡಿ ಓಡ್ತಾ ಓಡ್ತಾ ಸರಿ ಹೋಗುತ್ತೆ" ಎನ್ನುತ್ತಿದ್ದ. ಮನುಷ್ಯರೇ ಓಡುತ್ತಾ ಓಡುತ್ತಾ ಸರಿಹೋಗುವುದಿಲ್ಲ, ಇನ್ನು ಕಾರು ಹೇಗೆ ಸರಿಹೋದೀತು? ಆದರೂ ಚಿಕ್ಕಪ್ಪ ಕಾಫಿ ಕುಡಿದು ವಾಪಸು ಬರುತ್ತಿದ್ದರು.

ಮುಂದಿನದನ್ನು ಕಂಡಷ್ಟೇ ಹೇಳುತ್ತೇನೆ. ಕಾಣದ್ದನ್ನು ಸೇರಿಸುವುದಿಲ್ಲ.

ಅಂದು ಭಾನುವಾರ ಬೆಳಿಗ್ಗೆ. ಚಿಕ್ಕಪ್ಪ ಕಾರು ಓಡಿಸುತ್ತಿದ್ದರು. ಅವರ ಎಡಗಡೆ ಚಿಕ್ಕಮ್ಮ, ತೊಡೆಯ ಮೇಲೆ ಇಡ್ಲಿಯ ಡಬ್ಬಿ. ಹಿಂದಿನ ಸೀಟಿನ ನಡುವೆ ನಾನು. ಪೀಣ್ಯದ ಹಿಂಭಾಗದಲ್ಲಿ ಒಂದು ಇಳಿಜಾರು ರಸ್ತೆಯಿದೆ. ಎರಡೂ ಕಡೆ ಕಾರ್ಖಾನೆಗಳ ಕಾಂಪೌಂಡು ಗೋಡೆ, ಕೆಳಗೆ ಲಾರಿಗಳು ಓಡಾಡುವ ದೊಡ್ಡ ರಸ್ತೆ. ರಜೆಯಾದ್ದರಿಂದ ಇಳಿಜಾರಿನಲ್ಲಿ ಯಾರೂ ಇರಲಿಲ್ಲ. ಅರ್ಧ ಇಳಿದಾಗ ಚಿಕ್ಕಪ್ಪನ ಕಾಲು ಬ್ರೇಕ್ ತುಳಿಯಿತು. ಪೆಡಲ್ ನೆಲಕ್ಕೆ ತಾಗಿದ ಸದ್ದು ನನಗೆ ಕೇಳಿಸಿತು. ಮತ್ತೆ ತುಳಿದರು, ಮತ್ತೆ ಅದೇ ಸದ್ದು. ಹ್ಯಾಂಡ್‌ಬ್ರೇಕ್ ಎಳೆದರು. ಅದು ಬರಿಯ ಹಿಡಿಕೆಯಾಗಿತ್ತು, ಅದರ ಹಿಂದೆ ಬ್ರೇಕ್ ಇರಲಿಲ್ಲ. ಎಡಗಡೆಯ ಗೋಡೆ ಕೈಯಳತೆಯಲ್ಲಿತ್ತು. ಚಿಕ್ಕಪ್ಪ ಬಲಕ್ಕೆ ತಿರುಗಿಸಿದರು. ಕಾರು ರಸ್ತೆ ದಾಟಿ, ಬಲಗಡೆಯ ಗೋಡೆಗೆ ಮೈ ಉಜ್ಜಿಕೊಂಡು ದೂರದವರೆಗೆ ಹೋಗಿ ನಿಂತಿತು.

ಇಡ್ಲಿಯ ಡಬ್ಬಿ ಚಿಕ್ಕಮ್ಮನ ತೊಡೆಯ ಮೇಲೆ ಹಾಗೇ ಇತ್ತು. ಚಿಕ್ಕಪ್ಪನ ಬಲಗೈ ಮೊಣಕೈಯಲ್ಲಿ ಮುರಿದಿತ್ತು.

ಚಿಕ್ಕಮ್ಮ ಹೇಳಿದ್ದು ಒಂದೇ ಮಾತು: "ಬ್ರೇಕ್ ಬದ್ಲು ಇನ್ನೇನೋ ತುಳಿದ್ಬಿಟ್ರಲ್ರೀ."

ಆಮೇಲೆ ಮೆಕ್ಯಾನಿಕ್ ಚಕ್ರ ಬಿಚ್ಚಿ ತೋರಿಸಿದ. ಬ್ರೇಕ್ ಆಯಿಲ್ ಪೈಪ್ ಸೀಳಿದ್ದ ಜಾಗಕ್ಕೆ ಯಾರೋ ಅಂಟು ಮೆತ್ತಿ, ಕಾಣದಂತೆ ಕಪ್ಪು ಬಣ್ಣ ಬಳಿದಿದ್ದರು. ನಾನು ಇದನ್ನು ಚಿಕ್ಕಮ್ಮನಿಗೆ ವಿವರಿಸಿದೆ. "ಪೈಪು ಸೀಳಿರಬಹುದು. ಆದ್ರೆ ಪಕ್ಕದಲ್ಲೇ ಗೋಡೆ ಇತ್ತು. ಗಾಬರಿಲಿ ಆ ಕಡೆ ಯಾಕೆ ನುಗ್ಗಿಸಿದ್ರು? ಎದುರಿಗೆ ಲಾರಿ ಬಂದಿದ್ರೆ?" ಎಂದರು. ಅಂದಿನಿಂದ ಅವರು ಚಿಕ್ಕಪ್ಪನ ಜೊತೆ ಆಟೋದಲ್ಲೂ ಕೂರಲಿಲ್ಲ. ನೋಯುವ ಮಂಡಿಯಲ್ಲಿ ಒಬ್ಬರೇ ಬಸ್ಸು ಹತ್ತುತ್ತಿದ್ದರು. ಚಿಕ್ಕಪ್ಪನ ಬಲಗೈ ಪ್ಲಾಸ್ಟರಿನಲ್ಲಿತ್ತು, ತಟ್ಟಲು ಆಗುತ್ತಿರಲಿಲ್ಲ. ಆ ಮನೆ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಡೀಲರ್ ಈ ಸಲ ಕಾಫಿ ತರಿಸಲಿಲ್ಲ. "ಸೆಕೆಂಡ್ ಹ್ಯಾಂಡ್ ಗಾಡಿ ಅಂಕಲ್. ಗೇಟ್ ದಾಟಿದ್ಮೇಲೆ ನಮ್ದೇನೂ ಇರಲ್ಲ."

"ಹಳೇದು ಬೇರೆ, ಕೆಟ್ಟಿದ್ದು ಬೇರೆ ಕಣಪ್ಪ" ಎಂದರು ಚಿಕ್ಕಪ್ಪ. "ಹಳೇದು ಅಂತ ಗೊತ್ತಿದ್ದೇ ತಗೊಂಡೆ. ಕೆಟ್ಟಿದ್ದಕ್ಕೆ ನೀನು ಬಣ್ಣ ಬಳಿದೆ."

ಗ್ರಾಹಕರ ವೇದಿಕೆಯಲ್ಲಿ ದೂರು ಕೊಡಲು ವಕೀಲರು ಬೇಕಿಲ್ಲ, ನಾವೇ ನಿಂತು ಹೇಳಬಹುದು ಎಂದು ಯಾರೋ ತಿಳಿಸಿದರು. ಚಿಕ್ಕಪ್ಪ ತಾವೇ ನಿಂತರು. ಮೊದಲ ದಿನವೇ ಸಾಕ್ಷಿಯ ಕಟಕಟೆಯನ್ನು ಎಡಗೈಯಲ್ಲಿ ತಟ್ಟಲು ಹೋದವರನ್ನು ನಾನು ಅಂಗಿ ಹಿಡಿದು ಎಳೆದೆ. ವಿಚಾರಣೆಗಳು ಮುಂದಕ್ಕೆ ಹೋಗುತ್ತಾ ಪ್ಲಾಸ್ಟರ್ ಬಿಚ್ಚಿದ್ದೂ ಆಯಿತು. ಕೊನೆಯ ವಿಚಾರಣೆಗೆ ಚಿಕ್ಕಮ್ಮನೂ ಬಂದರು, ಬೇರೆ ಬಸ್ಸಿನಲ್ಲಿ. ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ಡೀಲರ್ ಕಡೆಯ ವಕೀಲರು ಚುರುಕಿನವರು. "ನೀವು ಇನ್‌ಸ್ಪೆಕ್ಟರ್ ಆಗಿದ್ದವರು. ಬದನೆಕಾಯಿ ಕೂಡ ತಟ್ಟಿ ತಗೋತೀರಂತೆ. ಕಾರನ್ನ ಯಾಕೆ ನೋಡ್ಲಿಲ್ಲ?"

ಕೂತಿದ್ದವರು ನಕ್ಕರು. ಚಿಕ್ಕಪ್ಪ ನಿಧಾನವಾಗಿ ಹೇಳಿದರು. "ಬ್ರೇಕ್ ಮಾಡ್ಸಿದೀನಿ ಅಂತ ಇವನು ಹೇಳ್ದ. ನಾನು ಕೊಂಡಿದ್ದು ಆ ಮಾತನ್ನ ಸಾರ್. ಮಾತು ತಟ್ಟಿ ನೋಡೋದು ನಮ್ಮ ಕಾರ್ಖಾನೇಲಿ ಕಲಿಸ್ಲಿಲ್ಲ."

ಡೀಲರ್ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿಕೊಂಡ. ವಕೀಲರು ಬಿಡಲಿಲ್ಲ.

"ಸರಿ, ಬ್ರೇಕ್ ಹೋಯ್ತು ಅಂತಾನೇ ಇಟ್ಕೊಳ್ಳೋಣ. ಎಡಗಡೆ ಪಕ್ಕದಲ್ಲೇ ಗೋಡೆ ಇತ್ತು. ಅದಕ್ಕೆ ಉಜ್ಜಿದ್ರೆ ನಿಮ್ಮ ಕೈಗೆ ಏನೂ ಆಗ್ತಿರ್ಲಿಲ್ಲ. ರಸ್ತೆ ದಾಟಿ ಬಲಕ್ಕೆ ಯಾಕೆ ಹೋದ್ರಿ? ಗಾಬರಿಯಿಂದ ನೀವೇ ಮಾಡಿದ ತಪ್ಪಲ್ವಾ ಇದು?"

ಚಿಕ್ಕಪ್ಪ ಮುರಿದಿದ್ದ ಮೊಣಕೈಯನ್ನು ಎಡಗೈಯಲ್ಲಿ ಸವರಿಕೊಂಡರು. ತಪ್ಪು ಒಪ್ಪಿಕೊಂಡುಬಿಡುತ್ತಾರೇನೋ ಎಂದು ನನಗೆ ಭಯವಾಯಿತು.

"ಎದುರಿಗೆ ಯಾರೂ ಬರ್ತಿರ್ಲಿಲ್ಲ, ನೋಡ್ಕೊಂಡೆ" ಎಂದರು. "ಎಡಗಡೆ ನಮ್ಮ ಮನೆಯವ್ರು ಕೂತಿದ್ರು ಸಾರ್."

ವಕೀಲರು ಫೈಲು ಮುಚ್ಚಿ ಕೂತರು.

ವೇದಿಕೆಯ ಆದೇಶ ಆಮೇಲೆ ಬಂತು. ಡೀಲರ್ ಕಾರನ್ನು ವಾಪಸು ಪಡೆದು ಹಣ ಹಿಂದಿರುಗಿಸಬೇಕು, ಆಸ್ಪತ್ರೆಯ ಖರ್ಚನ್ನೂ ಕೊಡಬೇಕು ಎಂದು ಅದರಲ್ಲಿತ್ತು. ಆದರೆ ನಮ್ಮ ಮನೆಯ ಆದೇಶ ವಿಚಾರಣೆಯ ದಿನವೇ, ಹೊರಗಿನ ಬಸ್ ಸ್ಟಾಪಿನಲ್ಲಿ ಬಂತು. ಚಿಕ್ಕಪ್ಪ ರೂಢಿಯಂತೆ ದೂರ ನಿಂತಿದ್ದರು. ಚಿಕ್ಕಮ್ಮ ಕುಂಟುತ್ತಾ ಅವರ ಬಳಿ ಹೋದರು. ಬೆರಳು ಮಡಚಿ, ಮುರಿದು ಕೂಡಿಕೊಂಡಿದ್ದ ಆ ಮೊಣಕೈಯ ಮೇಲೆ ಟಕ್ ಟಕ್ ಎಂದು ತಟ್ಟಿದರು. ತಲೆ ಓರೆ ಮಾಡಿ ಕಿವಿಗೊಟ್ಟರು.

"ಪಾಸ್" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಆಟೋ ಕರಿಯೋ, ಮೂರು ಜನ" ಎಂದರು.